ಗಂಡುಸೊಳ್ಳೆಗಳ ಓಬಣ್ಣ

ಕೊಟ್ಟೂರು ರಸ್ತೆಯ ನಮ್ಮ ಸೊಳ್ಳೆ ಸಾಕುವ ಶೆಡ್ಡಿನಲ್ಲಿ ಓಬಣ್ಣನಂಥ ಕಿರಿಕಿರಿಯ ಮನುಷ್ಯ ಇನ್ನೊಬ್ಬನಿಲ್ಲ. ಗಂಡುಸೊಳ್ಳೆಗಳಿಗೆ ಸಂತಾನವಾಗದಂತೆ ಕಿರಣ ಹಾಯಿಸಿ ಊರೂರಿಗೆ ಬಿಡುವುದು ನಮ್ಮ ಕೆಲಸ. ಅವುಗಳನ್ನು ಕೂಡಿದ ಹೆಣ್ಣಿನ ಮೊಟ್ಟೆ ಮರಿಯಾಗುವುದಿಲ್ಲ. ಆದರೆ ಕಿರಣದ ಪೆಟ್ಟು ಮೈಗೆಲ್ಲ ತಾಗಿದರೆ ಗಂಡು ಹಾರಲಾರದು. ಅದಕ್ಕೇ ಓಬಣ್ಣ ರೆಕ್ಕೆ ಮೂಡದ ಮರಿಗಳನ್ನು ತಣ್ಣನೆಯ ನೀರಿನಲ್ಲಿ ಗಾಳಿ ಕಮ್ಮಿಯಾಗುವಂತೆ ಒತ್ತೊತ್ತಾಗಿ ತುಂಬಿ ಕಿರಣದ ಯಂತ್ರದೊಳಗೆ ಕಳಿಸುತ್ತಾನೆ. "ಉಸಿರು ಕಮ್ಮಿ ಇದ್ರ ಸುಡೋದೂ ಕಮ್ಮಿ. ಬೀಜ ಸುಡಬೇಕ್ರಿ, ಜೀವ ಸುಡಬಾರ್ದು," ಎಂದು ಅಧಿಕಾರಿಗೂ ಹೇಳುತ್ತಾನೆ, ಕಸ ಗುಡಿಸುವವಳಿಗೂ ಹೇಳುತ್ತಾನೆ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೈಗುಳ. ಚಹಾದಂಗಡಿಯಲ್ಲಿ 'ಸೊಳ್ಳಿ ಬಾಣಂತನ ಮಾಡಾಂವ' ಎಂದು ನಗುತ್ತಾರೆ. ಅವನು ತಿರುಗಿಯೂ ನೋಡುವುದಿಲ್ಲ. ಮರಿಗಳಿಗೆ ರೆಕ್ಕೆ ಬಂದ ದಿನ ಪಂಜರವನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಾನೆ. ಗುಂಯ್ ಎಂದು ಕೇಳಿದರೆ, "ದನಿ ಉಳದೈತಿ," ಎಂದು ಮೆಲ್ಲಗೆ ಕೆಳಗಿಡುತ್ತಾನೆ. ಹೋದ ವರ್ಷ ಅವನ ಹೆಂಡತಿ ಮಾರೆಮ್ಮನ ಗಂಟಲ ಕ್ಯಾನ್ಸರಿಗೂ ಕಿರಣವನ್ನೇ ಕೊಟ್ಟಿದ್ದರು. ಗಂಟು ಕರಗಿತು, ಅದರ ಜೊತೆ ದನಿಯೂ ಹೋಯಿತು. ಗಂಡನನ್ನು ಉಣ್ಣಲು ಕರೆಯಬೇಕಾದರೆ ಅವಳೀಗ ಗಂಗಾಳ ಬಡಿಯುತ್ತಾಳೆ.