ಕೇಶಪ್ಪ ನೋಡುತ್ತಿದ್ದ ಕರಡಿ

ಶಿವವ್ವ ಕೇಶಪ್ಪನನ್ನು ಮೊದಲು ನೋಡಿದ್ದು ಅವನ ಜೊತೆ ಜಗಳ ತೆಗೆಯಲು ಹೋದ ದಿನ. ಉಸಗಾಂವಕ್ಕೆ ದುಡಿಯಲು ಬಂದವರ ಪತ್ರಾಸು ತಗಡಿನ ಸಾಲುಮನೆಯಲ್ಲಿ ಮೂರನೆಯ ಖೋಲಿಗೆ ಅವಳು ಅಂದು ಬೆಳಿಗ್ಗೆಯಷ್ಟೇ ಬಾಡಿಗೆಗೆ ಬಂದಿದ್ದಳು. ತೀರಿಹೋದ ಗಂಡ ಕೊಂಡಿದ್ದ ಟಿ.ವಿ.ಯನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು, ಗೋಡೆಗೆ ಇಳಿಬಿದ್ದಿದ್ದ ವೈರನ್ನು ಸಿಕ್ಕಿಸಿ ಹಚ್ಚಿದರೆ, ಕಾರ್ಟೂನಿನ ಕರಡಿಯೊಂದು ಏಣಿಯ ಮೇಲಿಂದ ಸುಣ್ಣದ ಬಕೆಟ್ ಸಮೇತ ಕೆಳಗೆ ಬರುತ್ತಿತ್ತು. ರಿಮೋಟಿನ ಎಲ್ಲ ಗುಂಡಿ ಒತ್ತಿದಳು. ಕರಡಿ ಹೋಗಲಿಲ್ಲ.

ಪಕ್ಕದ ಖೋಲಿಯಲ್ಲೂ ಅದೇ ಸದ್ದು. ಹೋಗಿ ಬಾಗಿಲು ಬಡಿದಳು.

“ಒಳಗ ಬಾ ಯವ್ವಾ, ನಾ ಎದ್ದು ಬರೂಹಂಗಿಲ್ಲ. ಕರಡಿ ಸಲುವಾಗಿ ಬಂದೀಯೇನು?”

ನಲವತ್ತರ ಗಂಡಸು, ಮಂಚದ ಮೇಲೆ ಅಂಗಾತ ಮಲಗಿದ್ದ. ತಲೆಯ ಹತ್ತಿರ ಕೇಬಲ್ಲಿನ ಡಬ್ಬಿ. ನಾಲ್ಕು ಖೋಲಿಗೆ ಅದೊಂದೇ ಡಬ್ಬಿ, ಅದರಿಂದಲೇ ನಾಲ್ಕು ಕಡೆ ವೈರು. ಅವನು ಹಚ್ಚಿದ್ದನ್ನೇ ಎಲ್ಲರೂ ನೋಡಬೇಕು. ಸಂಜೆ ಏಳರಿಂದ ಒಂಬತ್ತು ಹೆಂಗಸರ ಧಾರಾವಾಹಿ, ಉಳಿದ ಹೊತ್ತು ಕೇಶಪ್ಪನದು. ಹಗಲೆಲ್ಲ ಮನೆಯಲ್ಲಿ ಇರುವವನು ಅವನೊಬ್ಬನೇ ಎಂದು ಸಾಲಿನವರೆಲ್ಲ ಸೇರಿ ಮಾಡಿದ ಕಟ್ಟಳೆ.

ಕೇಶಪ್ಪ ಸೆಂಟ್ರಿಂಗ್ ಕೆಲಸದವನು. ಎರಡನೇ ಸ್ಲ್ಯಾಬಿನಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಹೆಂಡತಿ ದ್ರಾಕ್ಷಾಯಿಣಿ ಫ್ಯಾಕ್ಟರಿಗೆ ಹೋದರೆ ಅವನಿಗೆ ಕರಡಿಯೇ ಗತಿ. ಕರಡಿ ಮೇಸ್ತ್ರಿ, ಕತ್ತೆ (ಕೇಶಪ್ಪನ ಬಾಯಲ್ಲಿ ‘ಕತ್ತಿ’) ಅದರ ಹೆಲ್ಪರು. ದಿನಾ ಏನೋ ಕಟ್ಟುತ್ತವೆ, ದಿನಾ ಕರಡಿ ಬೀಳುತ್ತದೆ. ಆಡುವ ಮಾತು ಹಿಂದಿ. ಶಿವವ್ವನಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೆ ಕೇಶಪ್ಪನಿಗೆ ಮಾತು ಮುಖ್ಯವಲ್ಲ, ಬಿದ್ದದ್ದು ಮುಖ್ಯ. ಪ್ರತಿ ಭಾಗ ಮುಗಿಯುತ್ತಲೂ ಪತ್ರಾಸಿನ ಆಚೆಯಿಂದ ಕೂಗುತ್ತಿದ್ದ.

“ನೋಡ್ದೇನ ಯವ್ವಾ? ಇದು ಹೊಲಸ್ ಭಾಗ! ಗೋಪುರದ ಮ್ಯಾಲಿಂದ ಬಿದ್ದು, ಧೂಳ ಜಾಡಿಸ್ಕೊಂಡು ಹೊಂಟ್ತು. ಯಾರು ನಂಬಬೇಕು?”

“ಮಕ್ಕಳ ಆಟ ಅದು. ನಗೂದ ಬಿಟ್ಟು ಪಂಚಾಯತಿ ಮಾಡ್ತಿ.”

“ನಿನ್ನಿ ಭಾಗ ಚಲೋ ಇತ್ತು. ಮೆಟ್ಟಲದ ಮ್ಯಾಲಿಂದ ಉಳ್ಳ್ಯಾಡಿ ಬಿತ್ತಲ್ಲ, ಕತ್ತಿ ಅದನ್ನ ಮುಟ್ಟಲಿಲ್ಲ. ದೊಡ್ಡವರ ಬರೂತನಕ ನಿಂತ್ತು. ಕತ್ತಿಗೆ ಇದ್ದ ಬುದ್ಧಿ ನಮ್ಮ ಮಂದಿಗಿಲ್ಲ ನೋಡು.”

ಅವನು ಬಿದ್ದಾಗ ಜೊತೆಯವರು ಓಡಿಬಂದಿದ್ದರು. ಇಬ್ಬರು ರಟ್ಟೆ, ಇಬ್ಬರು ಕಾಲು ಹಿಡಿದು ಸಿಮೆಂಟ್ ಚೀಲ ಎತ್ತುವ ಹಾಗೆ ಎತ್ತಿ ಟೆಂಪೋದಲ್ಲಿ ಹಾಕಿದರು. ಎಲ್ಲರೂ ಊರಿನವರೇ, ಅಳುತ್ತಲೇ ಎತ್ತಿದವರು. ಬೆನ್ನೆಲುಬು ಮುರಿದದ್ದು ಬಿದ್ದಾಗಲೋ ಎತ್ತಿದಾಗಲೋ ಎಂದು ಡಾಕ್ಟರೂ ಹೇಳಲಿಲ್ಲ. ಅವರ ಮೇಲೆ ಕೇಶಪ್ಪ ಒಂದು ಮಾತೂ ಆಡಿದವನಲ್ಲ. ಬೈಯುವುದೆಲ್ಲ ಕರಡಿಯನ್ನು.

ಎರಡು ವರ್ಷ ಹೀಗೆ ಹೋಯಿತು. ಈ ಮಳೆಗಾಲದಲ್ಲಿ ಮಲಗಿ ಮಲಗಿ ಬೆನ್ನಿನ ಕೆಳಗಿನ ಹುಣ್ಣು ಕೀವು ತುಂಬಿ, ಜ್ವರ ಏರಿತು. ದ್ರಾಕ್ಷಾಯಿಣಿ ಗಾಬರಿಯಲ್ಲಿ ಅವನನ್ನು ದೊಡ್ಡಾಸ್ಪತ್ರೆಗೆ ಒಯ್ದಳು. ಡಬ್ಬಿ ಆರಿಸದೆ ಖೋಲಿಗೆ ಬೀಗ ಹಾಕಿ, ಕೀಲಿ ಸೆರಗಿಗೆ ಕಟ್ಟಿಕೊಂಡು ಹೋದಳು. ನಾಲ್ಕೂ ಖೋಲಿಯ ಟಿ.ವಿ.ಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಾರ್ಟೂನು.

“ಬೀಗ ಒಡೀರಿ,” ಎಂದಳು ಕೊನೆಯ ಖೋಲಿಯ ಮೆಹಬೂಬಿ. “ನನ್ನ ಧಾರಾವಾಹಿದಾಗ ಮದುವಿ ನಡದೈತಿ, ನಾ ಕರಡಿ ನೋಡ್ಕೋತ ಕುಂತೇನಿ!”

“ಗಂಡಸ ಆಸ್ಪತ್ರಿದಾಗ ಇರುವಾಗ ಅವನ ಬೀಗ ಒಡೀತಾರೇನವ್ವಾ? ಬಿಡು,” ಎಂದಳು ಶಿವವ್ವ.

ಮೆಹಬೂಬಿ ಗೊಣಗಿದಳು, ಆದರೆ ಕಲ್ಲು ಎತ್ತಲಿಲ್ಲ.

ಶಿವವ್ವ ಕರಡಿಯನ್ನು ನೋಡತೊಡಗಿದಳು. ಮರೆಯಬಾರದೆಂದು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ಗುರುತು ಹಾಕಿದಳು: ಎಲ್ಲಿಂದ ಬಿತ್ತು, ಎಷ್ಟು ಸಲ, ಯಾರು ಎತ್ತಿದರು. ಗುರುವಾರ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿ, ಕರಡಿ ಬಾವಿಗೆ ಬಿದ್ದದ್ದು, ಸೇತುವೆಯಿಂದ ಬಿದ್ದದ್ದು, ಹೀಗೆ ಮೂರು ಭಾಗ ಹೇಳಿದಳು. ಕೇಶಪ್ಪ ಕಣ್ಣು ಮುಚ್ಚಿಯೇ ಕೇಳಿದ.

“ಬಾವಿದು ಸುಳ್ಳು. ಸೇತುವಿದು ನಡೀತೈತಿ. ಮೂರನೇದು... ನೀ ಏನೋ ಬಿಟ್ಟಿ.”

ಹೌದು, ನಡುವೆ ಹಾಲು ಉಕ್ಕಿತೆಂದು ಅವಳು ಎದ್ದು ಹೋಗಿದ್ದಳು.

ಮುಂದಿನ ಗುರುವಾರ ಅವನು ಅರ್ಧ ಆಗಿದ್ದ. ಹುಣ್ಣು ಎಲುಬಿಗೆ ಇಳಿದಿದೆ, ಇನ್ನು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ದ್ರಾಕ್ಷಾಯಿಣಿ ಬಾಗಿಲಲ್ಲೇ ಪಿಸುಗುಟ್ಟಿದಳು. ಶಿವವ್ವ ಸ್ಟೂಲಿನ ಮೇಲೆ ಕುಳಿತಳು. ಮಾಡಲು ಬೇರೇನೂ ಇರಲಿಲ್ಲ. ನಿನ್ನೆಯದನ್ನು ಹೇಳಿದಳು.

“ಕರಡಿ ನೀರಿನ ಟಾಕಿ ಏರಿತ್ತು. ಹಲಗಿ ಜಾರ್ತು. ಒಂದ ಸಲ ಬಿತ್ತು, ಅಂಗಾತ. ಕತ್ತಿ ಓಡಿ ಬಂತು. ಮುಟ್ಟಲಿಲ್ಲ. ಬಾಜೂಕ ಕಾಲ ಮಡಚಿ ಕುಂತ್ತು.”

“ಆಮ್ಯಾಲ? ಕರಡಿ ಎದ್ದಿತೇನು?”

ದ್ರಾಕ್ಷಾಯಿಣಿ ಅವನ ತಲೆಯ ಹಿಂದೆ ನಿಂತು, ಎದ್ದಿತು ಅನ್ನು, ಎದ್ದಿತು ಅನ್ನು ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಶಿವವ್ವ ಬಾಯಿ ತೆರೆದಳು. ನೋಡದ್ದನ್ನು ನೋಡಿದೆ ಅನ್ನಲು ನಾಲಿಗೆ ಏಳಲಿಲ್ಲ.

“ಕರೆಂಟ್ ಹೋತಪ್ಪಾ. ತಾಸು ಬಿಟ್ಟು ಬಂತು. ಅಷ್ಟ್ರಾಗ ಮುಗದಿತ್ತು. ನನಗ ಗೊತ್ತಿಲ್ಲ.”

ದ್ರಾಕ್ಷಾಯಿಣಿ ಗೋಡೆಯ ಕಡೆ ತಿರುಗಿಕೊಂಡಳು. ಕೇಶಪ್ಪ ಈ ಸಲ ಒಳ್ಳೆಯ ಭಾಗವೋ ಹೊಲಸು ಭಾಗವೋ ಎಂದು ಹೇಳಲಿಲ್ಲ. ಆಮೇಲೆ ಶಿವವ್ವನ ಕೈ ಹುಡುಕಿ ಹಿಡಿದು ಕೇಳಿದ:

“ಕರೆಂಟ್ ಹೋಗೂತನಕ ಕತ್ತಿ ಬಾಜೂಕನ ಕುಂತಿತ್ತೇನ ಯವ್ವಾ?”