ಹೊಳೆಹೊನ್ನೂರಿನ ಐದು ಸೇರಿನ ಬಟ್ಟು

ದಿಲ್ಲಿಯಲ್ಲಿ ಈಗ ಇಡೀ ದೇಶದ ತೂಕ ಅಳತೆಗಳಿಗೆ ಮೂಲವಾದ ಒಂದು ಪ್ರಯೋಗಾಲಯವಿದೆ. ಅದರ ವಿಷಯ ಪತ್ರಿಕೆಯಲ್ಲಿ ಕಂಡಾಗಲೆಲ್ಲ ಹಳೆಯದೊಂದು ಗೊಂದಲ ಎದ್ದು ಕೂರುತ್ತದೆ. ಮಹಾರಾಜರ ಸರ್ಕಾರದ ಕಾಲದಲ್ಲಿ, ಮೂವತ್ತರ ದಶಕದ ಕೊನೆಗೆ, ನಾನು ಶಿವಮೊಗ್ಗದ ತೂಕ ಅಳತೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆಗ ಕಂಡದ್ದನ್ನು ಕ್ರಮವಾಗಿ ಬರೆಯಲು ಯತ್ನಿಸುತ್ತೇನೆ. ಅರ್ಥ ಹೇಳುವ ಧೈರ್ಯ ನನಗಿಲ್ಲ.

ಕಚೇರಿ ಎಂದರೆ ಒಂದೇ ಕೋಣೆ. ಮೊದಲು ಅದು ತಾಲ್ಲೂಕು ಕಚೇರಿಯ ಭಾಗವಾಗಿತ್ತಂತೆ. ಆಮೇಲೆ ಕೈಗಾರಿಕೆ ವ್ಯಾಪಾರಗಳ ಕಡೆಗೆ ಸೇರಿಸಿದರು. ನಾನು ಸೇರುವ ಹೊತ್ತಿಗೆ ಸಂಬಳ ಒಂದು ಇಲಾಖೆಯಿಂದ, ಹುಕುಂ ಇನ್ನೊಂದರಿಂದ ಬರುತ್ತಿತ್ತು. ಮೂಲೆಯ ತೇಗದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಸರ್ಕಾರಿ ಬಟ್ಟುಗಳಿದ್ದವು. ತಕ್ಕಡಿಗೆ ಇಡುವ ತೂಕಕ್ಕೆ ಎಲ್ಲರೂ ಬಟ್ಟು ಎಂದೇ ಹೇಳುತ್ತಿದ್ದರು. ಅಂಗಡಿಯ ಬಟ್ಟು ಇವುಗಳಿಗೆ ಸಮ ತೂಗಿದರೆ ಮೊಹರು. ಹೆಚ್ಚು ತೂಗಿದರೆ ಅರ ಹಾಕಿ ಉಜ್ಜಿ ಸಮ ಮಾಡಿಸಬೇಕು. ಸರ್ಕಾರಿ ಬಟ್ಟುಗಳನ್ನು ಆಗಾಗ ಬೆಂಗಳೂರಿಗೆ ಕಳಿಸಿ ಅಲ್ಲಿಯ ಮೂಲ ಬಟ್ಟುಗಳೊಡನೆ ತೂಗಿಸಬೇಕೆಂಬ ನಿಯಮವಿತ್ತು. ಅದು ಆ ಇಲಾಖೆಯ ಕೆಲಸವೆಂದು ಈ ಇಲಾಖೆ, ಈ ಇಲಾಖೆಯದೆಂದು ಆ ಇಲಾಖೆ ಸುಮ್ಮನಿದ್ದವು. ಆದರೆ ಆಯುಧಪೂಜೆ ಒಂದು ವರ್ಷವೂ ತಪ್ಪಿರಲಿಲ್ಲ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಬಟ್ಟುಗಳನ್ನು ಬಂಗಾರದಂತೆ ಬೆಳಗಿ, ಕುಂಕುಮವಿಟ್ಟು ಮಂಗಳಾರತಿ ಮಾಡುತ್ತಿದ್ದೆವು.

ಒಂದು ಸಂತೆಯ ದಿನ ಇನ್ಸ್‌ಪೆಕ್ಟರರ ಜೊತೆ ಹೊಳೆಹೊನ್ನೂರಿಗೆ ಹೋದೆ. ರೈತರಿಂದ ಅಡಿಕೆ ಕೊಳ್ಳುವ ಸಾಹುಕಾರರೊಬ್ಬರು ಹೊಸದಾಗಿ ಎರಕ ಹೊಯ್ಯಿಸಿದ ಐದು ಸೇರಿನ ಕಬ್ಬಿಣದ ಬಟ್ಟನ್ನು ಮೊಹರಿಗೆ ತಂದಿಟ್ಟರು. ಸರ್ಕಾರಿ ಬಟ್ಟಿನೆದುರು ತೂಗಿದಾಗ ಅದರ ತಟ್ಟೆ ಕೆಳಗಿಳಿಯಿತು. ಸಮ ಮಾಡಲು ಸರ್ಕಾರಿ ಬಟ್ಟಿನ ಕಡೆ ಒಂದು ಅಡಿಕೆ ಹೋಳು ಹಾಕಬೇಕಾಯಿತು. ಕೊಳ್ಳುವವನ ಬಟ್ಟು ಭಾರವಾದರೆ ನಷ್ಟ ರೈತನಿಗೆ.

"ಏನ್ ಸಾಹುಕಾರ್ರೆ, ಐದು ಸೇರಿಗೊಂದು ಹೋಳು ದಕ್ಷಿಣೇನಾ?" ಎಂದು ಇನ್ಸ್‌ಪೆಕ್ಟರರು ಸಂತೆಗೆಲ್ಲ ಕೇಳುವಂತೆ ಅಂದರು. ಜನ ನಕ್ಕರು.

ಸಾಹುಕಾರರ ಮುಖ ಕಪ್ಪಿಟ್ಟಿತು. "ನಮ್ಮಪ್ಪನ ಕಾಲದಿಂದ ಈ ಅಂಗಡಿ ಮೇಲೆ ಒಂದ್ ಮಾತು ಬಂದಿಲ್ಲ ಸ್ವಾಮಿ. ಭದ್ರಾವತಿ ಕಾರ್ಖಾನೇಲಿ ತೂಗ್ಸಿ. ನಂದು ತಪ್ಪಾದ್ರೆ ಅಂಗಡಿ ಮುಚ್ತೀನಿ. ಸರಿಯಾಗಿದ್ರೆ ಇಲ್ಲೇ, ಇವ್ರ ಮುಂದೇನೆ ಹೇಳ್ಬೇಕು."

ಇನ್ಸ್‌ಪೆಕ್ಟರರು ಹಟಕ್ಕೆ ಒಪ್ಪಿದರು. ಕಬ್ಬಿಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅದಿರು ತೂಗುವ ತಕ್ಕಡಿಯೊಂದು ಗಾಜಿನ ಪೆಟ್ಟಿಗೆಯೊಳಗಿತ್ತು. ಅಲ್ಲಿಯ ಕೆಮಿಸ್ಟರು ಎರಡು ಬಟ್ಟುಗಳನ್ನೂ ಹಲವು ಸಲ ತೂಗಿದರು. ಸಾಹುಕಾರರದು ಸರಿಯಿತ್ತು. ಸರ್ಕಾರದ್ದು ಹಗುರವಾಗಿತ್ತು. ಕೆಮಿಸ್ಟರು ಹಿತ್ತಾಳೆಯ ಮೇಲೆ ಬೆರಳಾಡಿಸಿದರು. ಕೆತ್ತಿದ ಅಂಕೆ ಕೈಗೆ ಸಿಗದಷ್ಟು ಸವೆದಿತ್ತು.

"ಇದನ್ನ ಉಜ್ತೀರಾ?"

"ವರ್ಷಾ ವರ್ಷಾ, ಭಕ್ತಿಯಿಂದ," ಎಂದ ಇನ್ಸ್‌ಪೆಕ್ಟರರು ಅಷ್ಟಕ್ಕೇ ನಿಲ್ಲಿಸಿದರು. ತಾವೂ ಆ ಸವೆದ ಅಂಕೆಯ ಮೇಲೆ ಬೆರಳಾಡಿಸಿ, "ನಿಮ್ಮ ಬಟ್ಟು ಸರಿ ಅಂತ ಹೇಗ್ ಹೇಳ್ತೀರಿ?" ಎಂದು ಕೇಳಿದರು.

"ಬರೋವಾಗ ಸರಿಯಿತ್ತು. ನಾವು ಚಿಮುಟದಲ್ಲಿ ಹಿಡೀತೀವಿ, ಅಷ್ಟೆ," ಎಂದರು ಕೆಮಿಸ್ಟರು.

ಹಿಂದಿರುಗುವಾಗ ರೈಲಿನಲ್ಲಿ, ನಾವು ಮೊಹರು ಒತ್ತಿದ್ದ ಅಂಗಡಿಗಳು ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು. ಅರ ಹಾಕಿಸಿ ಸರಿಯಾದದ್ದನ್ನೇ ಕೆಡಿಸಿದ್ದೆವೋ ಏನೋ. ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ.

ಮುಂದಿನ ಸಂತೆಗೆ ಇನ್ಸ್‌ಪೆಕ್ಟರರು ಮಾತಿನಂತೆ ಬಂದು, ಅದೇ ಜಾಗದಲ್ಲಿ ನಿಂತು ಹೇಳಿದರು: "ಸಾಹುಕಾರ್ರ ಬಟ್ಟು ಸರಿಯಾಗಿದೆ. ಸರ್ಕಾರದ್ದೇ ಸವೆದಿದೆ."

ರೈತರೊಬ್ಬರು, "ಸರ್ಕಾರದ್ದೂ ಸವೀತದಾ ಮಾರಾಯ! ಎಷ್ಟ್ ಹೋಳು ಬಿತ್ತೋ ಸಾಹೇಬ್ರ ಜೇಬಿಗೆ?" ಎಂದರು.

"ಹಾಗಾದ್ರೆ ಬೇರೆ ಅಂಗಡಿ ಬಟ್ಟೆಲ್ಲ ಹಗುರಾನಾ?" ಎಂದು ಇನ್ನೊಬ್ಬರು ಕೇಳಿದರು.

"ಹೌದು."

"ಅಂದ್ರೆ ಅಲ್ಲಿ ಮಾರಿದ್ರೆ ನಮಗೇ ಲಾಭ. ನಡೀರಿ."

ಚೀಲಗಳು ಎದ್ದವು. ಒಂದು ಗಾಡಿಯೂ ಸಾಹುಕಾರರ ಅಂಗಡಿಯ ಮುಂದೆ ಉಳಿಯಲಿಲ್ಲ. ಅವರು ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಸ್ವಾಮಿ, ನಂದನ್ನೂ ಅರ ಹಾಕ್ಸಿ ನಿಮ್ಮದಕ್ಕೆ ಸಮ ಮಾಡಿ ಕೊಡಿ," ಎಂದರು.

"ಸರಿ ಇರೋದನ್ನ ಕೆಡಿಸಿ ಅಂತೀರಾ? ನಂಗೆ ಅಧಿಕಾರ ಇಲ್ಲ. ನಮ್ಮ ಬಟ್ಟು ಬೆಂಗಳೂರಿಗೆ ಹೋಗ್ತಿದೆ. ವಾಪಸ್ ಬರೋತನಕ ಯಾರಿಗೂ ಮೊಹರಿಲ್ಲ."

"ಯಾವಾಗ ಬರ್ತದೆ?"

ಇನ್ಸ್‌ಪೆಕ್ಟರರು ನನ್ನ ಕಡೆ ನೋಡಿದರು. ಯಾವ ಇಲಾಖೆಯ ಮೂಲಕ ಕಳಿಸಬೇಕೆಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಸಾಹುಕಾರರು ರಸ್ತೆ ದಾಟಿ, ಎದುರಂಗಡಿಯವರ ಹತ್ತಿರ ಹೆಚ್ಚಿಗೆ ಇದ್ದ ಐದು ಸೇರಿನ ಹಳೆಯ ಬಟ್ಟನ್ನು ಕೇಳಿ ತಂದರು. ಅದರ ಮೇಲೆ ನಮ್ಮ ಕಚೇರಿಯ ಮೊಹರಿತ್ತು. ಅದನ್ನು ಎಲ್ಲರಿಗೂ ಕಾಣುವಂತೆ ತಟ್ಟೆಯ ಮೇಲಿಟ್ಟರು. ಮೊದಲು ಒಬ್ಬ ರೈತ ಹಿಂದೆ ಬಂದ, ಆಮೇಲೆ ಇಬ್ಬರು. "ಈಗ ಸರಿಯಾಯ್ತು ನೋಡಿ ಸಾಹುಕಾರ್ರೆ," ಎಂದು ಬಂದವರೊಬ್ಬರು ಮನಸಾರೆ ಹೇಳಿದರು. ಸಾಹುಕಾರರು ಅವರಿಗೆ ಕೈ ಮುಗಿದರು. ಅಡಿಕೆ ತೂಗುತ್ತಿದ್ದಂತೆ, ನಮ್ಮ ಕಡೆ ನೋಡದೆಯೇ, ಕಾರ್ಖಾನೆಯಲ್ಲಿ ಸರಿಯೆಂದು ತೂಗಿಸಿದ್ದ ತಮ್ಮ ಬಟ್ಟನ್ನು ಕಾಲಿನಿಂದ ಗೋಣಿಯ ಹಿಂದಕ್ಕೆ ಸರಿಸಿದರು. ಇನ್ಸ್‌ಪೆಕ್ಟರರು ಅದನ್ನು ಕಂಡರು.