ಮೂವರು ಅಂತ ಬರೆದದ್ದು

ನನಗೆ ಎಂಟು ವರ್ಷವಿದ್ದಾಗ ಚಿಕ್ಕವ್ವ ತೀರಿಕೊಂಡಳು. ಅವ್ವನಿಗೆ ಒಬ್ಬಳೇ ತಂಗಿ, ಸಿರುಗುಪ್ಪದ ಹತ್ತಿರ ದೇಶನೂರಿಗೆ ಕೊಟ್ಟಿದ್ದರು. ದಿನಕರ್ಮ ಮುಗಿಸಿ ಅವ್ವ ಕುರುಗೋಡಿಗೆ ವಾಪಸು ಬಂದಾಗ ಆಕೆಯ ಸೊಂಟದ ಮೇಲೆ ಚಿಕ್ಕವ್ವನ ಮಗಳಿದ್ದಳು. ಆರು ವರ್ಷದ ಹುಡುಗಿಯನ್ನು ಯಾರೂ ಸೊಂಟದ ಮೇಲೆ ಹೊರುವುದಿಲ್ಲ. ನನ್ನನ್ನು ನಾಲ್ಕಕ್ಕೇ ಕೆಳಗಿಳಿಸಿದ್ದಳು. ಬಸ್ಸಿಳಿದು ಮನೆತನಕ ಹಾಗೇ ಹೊತ್ತುಕೊಂಡು ಬಂದಿದ್ದಳಂತೆ. ಸತ್ತ ಚಿಕ್ಕವ್ವನಿಗಾಗಿ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಆ ಸೊಂಟ ಮಾತ್ರ ಚೆನ್ನಾಗಿ ನೆನಪಿದೆ.

ಅಪ್ಪ ಕುರುಗೋಡಿನ ಸಾಲಿಯಲ್ಲಿ ಮಾಸ್ತರ. ಮಿತಭಾಷಿ. ಹುಡುಗಿಯ ಹೆಸರನ್ನು ಮರುದಿನವೇ ಹಾಜರಿ ಪುಸ್ತಕಕ್ಕೆ ಸೇರಿಸಿದರು, ಅಷ್ಟೇ. ಆಕೆಯ ಅಪ್ಪ ವರ್ಷದೊಳಗೆ ಇನ್ನೊಂದು ಮದುವೆಯಾದ. ಹಾಗಾಗಿ ನಾಲ್ಕು ದಿನಕ್ಕೆಂದು ಬಂದವಳು ನಮ್ಮಲ್ಲೇ ಉಳಿದುಬಿಟ್ಟಳು.

ಆಕೆ ಎಂದೂ ಹಟ ಮಾಡಲಿಲ್ಲ. ಅವ್ವ ಒಂದು ಸಲ ಕೂಗಿದರೆ ಓಡಿ ಬರುತ್ತಿದ್ದಳು. ನಾನು ಮೂರನೇ ಕೂಗಿಗೆ ಏಳುವವಳು. ಆಕೆ ಹತ್ತು ವರ್ಷ ತುಂಬುವುದರೊಳಗೆ ರೊಟ್ಟಿ ಬಡಿಯಲು ಕಲಿತಳು. ಅಂಚು ಒಡೆಯದ, ಹಂಚಿನ ಮೇಲೆ ಬುಸ್ಸೆಂದು ಉಬ್ಬುವ ರೊಟ್ಟಿ. ಅವ್ವ ಅದನ್ನು ಪಕ್ಕದ ಮನೆಯವರಿಗೆ ಕರೆದು ತೋರಿಸಿದಳು. ನನ್ನ ರೊಟ್ಟಿಯನ್ನು ಎಮ್ಮೆಗೆ ಹಾಕುತ್ತಿದ್ದಳು. ಸಂಜೆ ಇಬ್ಬರನ್ನೂ ಕೂಡಿಸಿ ತಲೆ ಬಾಚುವಾಗ ಅವಳ ಉದ್ದ ಕೂದಲಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಅವ್ವನ ಕೈ ಎಷ್ಟು ಸಲ ಮೇಲೆ ಕೆಳಗೆ ಆಡಿತೆಂದು ಎಣಿಸುತ್ತಿದ್ದೆ.

ಮೊದಲೆಲ್ಲ ಆಕೆ ಅವ್ವನನ್ನು ದೊಡ್ಡವ್ವ ಎನ್ನುತ್ತಿದ್ದಳು. ಒಂದು ಬೇಸಿಗೆ ಗೊಬ್ಬರ, ಅಂದರೆ ದಡಾರ, ಎದ್ದು ಹದಿನೈದು ದಿನ ಮಲಗಿದಳು. ಮೈ ತುಂಬ ಗುಳ್ಳೆ. ಎದ್ದಾಗ ‘ದೊಡ್ಡ’ ಉದುರಿ ಬರೀ ‘ಅವ್ವ’ ಉಳಿದಿತ್ತು. ನಾನು ಆಕೆಯನ್ನು ಹಿತ್ತಲಿಗೆ ಕರೆದೊಯ್ದು, ನಮ್ಮವ್ವನಿಗೆ ದೊಡ್ಡವ್ವ ಅಂತಲೇ ಕರೆಯಬೇಕೆಂದು ತಾಕೀತು ಮಾಡಿದೆ. ಆಕೆ ತಲೆಯಾಡಿಸಿದಳು. ಆಮೇಲೆ ನನ್ನೆದುರು ದೊಡ್ಡವ್ವ ಎಂದೇ ಕರೆದಳು. ಆದರೆ ನಾನು ಹೊರಗಿದ್ದೇನೆ ಅಂದುಕೊಂಡಾಗ ಅಡುಗೆಮನೆಯಿಂದ ಮೆಲ್ಲಗೆ ‘ಅವ್ವ’ ಕೇಳಿಸುತ್ತಿತ್ತು. ಗೋಡೆಯಾಚೆ ನಿಂತು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಅದಕ್ಕೆ ಅವ್ವ ‘ಏನವ್ವ’ ಎಂದು ಓಗೊಡುತ್ತಿದ್ದಳು.

ಎಪ್ಪತ್ತರ ದಶಕದ ಶುರುವಿನಲ್ಲಿ ಅಪ್ಪನಿಗೆ ಬಳ್ಳಾರಿಗೆ ವರ್ಗವಾಯಿತು. ಪಾರ್ವತಿನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಆಕೆ ಹತ್ತನೆಯದರಲ್ಲಿ ಗಣಿತಕ್ಕೆ ಕೂತು ಎರಡು ಸಲ ನಪಾಸಾಗಿ ಮನೆಯಲ್ಲುಳಿದಳು. ನಾನು ಆಗಲೇ ಕಾಲೇಜು ಸೇರಿದ್ದೆ. ನಾನು ಪಾಸಾದದ್ದಕ್ಕಿಂತ ಆಕೆ ನಪಾಸಾದದ್ದೇ ಒಳಗೊಳಗೆ ನನಗೆ ಖುಷಿ ಕೊಟ್ಟಿತ್ತು.

ಬಿ.ಎ.ಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡಿದ್ದೆ. ಪಾಠ ಹೇಳುತ್ತಿದ್ದವರು ನಿಧಾನದ ಮನುಷ್ಯ, ಸೀಮೆಸುಣ್ಣದ ಕೈಯನ್ನು ಕೋಟಿಗೇ ಒರೆಸಿಕೊಳ್ಳುತ್ತಿದ್ದರು. ಕುಟುಂಬವೆಂಬುದು ಮೈಯೊಳಗಿನ ಅಂಗದ ಹಾಗೆ, ಅದು ಕೆಲಸ ಮಾಡಿದರೆ ಸಮಾಜ ನಿಲ್ಲುತ್ತದೆ ಎಂದು ಕೆಲವರ ವಾದ. ಇಲ್ಲ, ಹೇಳಿದಂತೆ ಕೇಳುವುದನ್ನು ಮನುಷ್ಯ ಮೊದಲು ಕಲಿಯುವುದೇ ಅಲ್ಲಿ, ಯಾರು ಮೇಲೆ ಯಾರು ಕೆಳಗೆ ಎಂಬುದು ಒಲೆಯ ಮುಂದೆಯೇ ತೀರ್ಮಾನವಾಗುತ್ತದೆ ಎಂದು ಇನ್ನು ಕೆಲವರು. ದಿನಾ ಒಬ್ಬರಿಗೊಬ್ಬರು ಏನು ಮಾಡಿಕೊಳ್ಳುತ್ತಾರೋ ಅದೇ ಕುಟುಂಬ, ರಕ್ತ ಆಮೇಲಿನ ಮಾತು ಎನ್ನುವವರೂ ಇದ್ದರು. ಎಲ್ಲವನ್ನೂ ಬರೆದುಕೊಂಡೆ. ನನ್ನ ಮನಸ್ಸು ಹಿಡಿದದ್ದು ಮಾತ್ರ ಒಂದೇ ಸಾಲು: ತಂದೆ, ತಾಯಿ ಮತ್ತು ಅವರ ಮದುವೆಯಾಗದ ಮಕ್ಕಳು ಸೇರಿದರೆ ವಿಭಕ್ತ ಕುಟುಂಬ. ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಲಾಗದ್ದನ್ನು ಯಾರೋ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರು.

ಅವರವರ ಕುಟುಂಬದ ಬಗ್ಗೆ ಹತ್ತು ಪುಟ ಬರೆದು ತರಲು ಮೇಷ್ಟ್ರು ಹೇಳಿದರು. ನಾನು ಮೊದಲ ಪುಟದಲ್ಲೇ ‘ಸದಸ್ಯರು: ಮೂವರು’ ಎಂದು ಬರೆದೆ. ಅಪ್ಪ, ಅವ್ವ, ನಾನು. ರೊಟ್ಟಿ ಬಡಿಯುವವಳು, ನೀರು ತರುವವಳು, ಅಪ್ಪನ ಅಂಗಿಗೆ ಗುಂಡಿ ಹಚ್ಚುವವಳು ಎಲ್ಲೂ ಬರಲಿಲ್ಲ. ಆ ಕೆಲಸಗಳನ್ನೆಲ್ಲ ಅವ್ವನ ಹೆಸರಿಗೆ ಬರೆದೆ. ಮೇಷ್ಟ್ರು ಮೆಚ್ಚಿದರು. ವರ್ಗದಲ್ಲಿ ಎಬ್ಬಿಸಿ ನಿಲ್ಲಿಸಿ ಎರಡು ಪುಟ ಓದಿಸಿದರು.

ನನ್ನ ಪುಸ್ತಕಗಳಿಗೆಲ್ಲ ರಟ್ಟು ಹಾಕಿ ಕೊಡುತ್ತಿದ್ದವಳು ಆಕೆಯೇ. ಆ ನೋಟ್‌ಬುಕ್ಕಿನ ರಟ್ಟು ಹರಿದಿತ್ತು. ನಾನು ಕಾಲೇಜಿನಿಂದ ಬಂದಾಗ ಹಳೇ ಪೇಪರಿನ ಹೊಸ ರಟ್ಟು ಹಾಕಿ, ಅಂಟು ಆರಲೆಂದು ಕಿಟಕಿಯಲ್ಲಿ ಇಟ್ಟಿದ್ದಳು. ಓದಿದ್ದಾಳೆಂದು ಮುಖ ನೋಡಿದ ಕೂಡಲೇ ತಿಳಿಯಿತು.

ಆ ವಾರವೇ ದೇಶನೂರಿಗೆ ಹೋಗುತ್ತೇನೆ ಎಂದಳು. ತಮ್ಮಂದಿರನ್ನು ನೋಡಬೇಕು ಅನ್ನಿಸಿದೆ ಅಂದಳು. ಆ ತಮ್ಮಂದಿರು ಆಕೆಯ ಅಪ್ಪ ಆಮೇಲೆ ಮದುವೆಯಾದ ಚಿಕ್ಕತಾಯಿಯ ಮಕ್ಕಳು, ಆಕೆ ಸರಿಯಾಗಿ ನೋಡಿಯೂ ಇರಲಿಲ್ಲ. ಏನಾಯಿತೆಂದು ಅವ್ವ ಕೇಳಿ ಕೇಳಿ ಸೋತಳು. ಅಪ್ಪ ಸಿರುಗುಪ್ಪದ ಬಸ್ಸಿಗೆ ಕೂಡಿಸಿ ಬಂದು, ಆ ದಿನ ಊಟ ಬೇಡವೆಂದರು.

ಕಡೆಗೆ ಅವ್ವ ನನ್ನೊಬ್ಬಳ ಪಾಲಾದಳು. ಆದರೆ ನಾನು ತಲೆ ಬಾಚು ಅಂತ ಕೂತರೆ, ಇಷ್ಟು ದೊಡ್ಡಾಕಿಗೆ ಏನು ಬಾಚೋದು ಎಂದು ಎದ್ದುಹೋದಳು. ನನ್ನ ರೊಟ್ಟಿಯನ್ನು ಸುಮ್ಮನೆ ಉಂಡಳು, ಬೈಯಲೂ ಇಲ್ಲ. ಎದುರಿಗಿದ್ದಾಗ ಆಕೆಯ ಜೊತೆ ಜಗಳವಾದರೂ ಆಡಬಹುದಿತ್ತು. ಇಲ್ಲದವಳ ಜೊತೆ ಏನು ಮಾಡಲಿ.

ನಾಲ್ಕು ತಿಂಗಳಾದ ಮೇಲೆ, ಆಕೆಗೊಂದು ಸೀರೆ ಕೊಟ್ಟು ಬಾ ಎಂದು ಅವ್ವ ನನ್ನನ್ನು ಕಳಿಸಿದಳು. ಕೌಲ್ ಬಜಾರಿನಲ್ಲಿ ತಾನೇ ಹೋಗಿ ಆರಿಸಿದ್ದ ಹಸಿರು ಸೀರೆ. ಬಸ್ಸಿನಲ್ಲಿ ಕೂತು ಅಂದುಕೊಂಡೆ: ಚಿಕ್ಕತಾಯಿಯ ಕೈಲಿ ನರಳುತ್ತಿರುತ್ತಾಳೆ, ನಾನೇ ದೊಡ್ಡ ಮನಸ್ಸು ಮಾಡಿ ಕರೆದುಕೊಂಡು ಬಂದರಾಯಿತು. ನಾಟಿಯ ಕಾಲ. ಕಾಲುವೆಯ ದಂಡೆಯ ಮೇಲೆ ಆಕೆ ಬುತ್ತಿ ಹೊತ್ತು ಬರುತ್ತಿದ್ದಳು, ಸೆರಗು ಹಿಡಿದು ಮೂರು ಹುಡುಗರು. ಮನೆಯಲ್ಲಿ ಚಿಕ್ಕತಾಯಿ ತೆಲುಗು ಬೆರೆಸಿ ಎಲ್ಲವನ್ನೂ ಆಕೆಯನ್ನೇ ಕೇಳುತ್ತಿದ್ದಳು, ಬೇಳೆ ಎಷ್ಟು ಹಾಕಲಿ ಅನ್ನುವುದನ್ನೂ. ನರಳುವವರು ಯಾರೂ ಇರಲಿಲ್ಲ. ಹೋದಲ್ಲೆಲ್ಲ ಒಂದು ಮನೆ ಕಟ್ಟಿಕೊಳ್ಳುವ ಇವಳಿಗೆ ನಮ್ಮ ಮನೆಯೂ ಯಾಕೆ ಬೇಕಿತ್ತು?

ಹೊರಡುವಾಗ, ಬರುತ್ತೀಯೇನು ಎಂದು ಕೇಳಿದೆ. ಆಕೆ ಸೀರೆಯ ಮಡಿಕೆ ಸರಿಮಾಡುತ್ತ ಹೇಳಿದಳು: “ಇಲ್ಲಿ ನಾ ಎಷ್ಟನೇದಾಕಿ ಅಂತ ಯಾರೂ ಬರಿಯಂಗಿಲ್ಲಕ್ಕ.”

ಬಸ್‌ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟಳು. ಮನೆಗೆ ಬಂದು, ಮೂವರು ಅಂತ ಬರೆದದ್ದೂ ಸೇರಿ ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ, “ನಿನಗ ನಾ ಏನ್ ಕಡಿಮಿ ಮಾಡಿದ್ದೆ?” ಎಂದಳು.

ಮರುವರ್ಷ ಸಿರುಗುಪ್ಪದಲ್ಲೇ ಆಕೆಯ ಮದುವೆಯಾಯಿತು. ಚೊಚ್ಚಲ ಬಾಣಂತನ ಎಲ್ಲಿ ಎಂಬ ಮಾತು ಬಂದಾಗ ಚಿಕ್ಕತಾಯಿ ತಾನು ಮಾಡುತ್ತೇನೆಂದಳು, ಅವ್ವ ತಾನು ಎಂದಳು. ಆಕೆ ಪಾರ್ವತಿನಗರಕ್ಕೆ ಬಂದಳು. ನಾನು ನನ್ನ ಕೋಣೆ ಬಿಟ್ಟುಕೊಟ್ಟೆ. ಹೆರಿಗೆಯಾಗಿ ಹೆಣ್ಣು ಕೂಸಿನ ಜೊತೆ ಮಲಗಿದ್ದವಳಿಗೆ ಅಗ್ಗಿಷ್ಟಿಕೆಯ ಕೆಂಡ ಊದುತ್ತಾ ಕೂತಿದ್ದೆ. ಒಂದು ಮಧ್ಯಾಹ್ನ, ನಿನ್ನನ್ನು ಕಂಡರೆ ನನಗೆ ಬಹಳ ಹೊಟ್ಟೆಕಿಚ್ಚಿತ್ತು ಎಂದು ಹೇಳಿದೆ. ಗೊತ್ತು ಎಂದಳು. ಆಮೇಲೆ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದಳು:

“ನನಗೂ ಇತ್ತಕ್ಕ. ನೀ ಅವ್ವಗ ಎದುರು ಮಾತಾಡ್ತಿದ್ದೆಲ್ಲ, ಅದಕ್ಕ. ಮೂರು ಸಲ ಕರದ್ರೂ ಏಳ್ತಿರಲಿಲ್ಲ ನೀನು. ನಾ ಒಂದ್ ಸಲ ಏಳದಿದ್ರ ದೇಶನೂರಿಗೆ ಕಳಿಸಿಬಿಡ್ತಾರ ಅಂತ ಅಂಜಿಕಿ ಇತ್ತು.”

ನಾನು ಊದುಗೊಳವೆ ಕೆಳಗಿಟ್ಟೆ. ಇಷ್ಟು ವರ್ಷ ಯಾವ ಗುಣವನ್ನು ಕಂಡು ಉರಿದಿದ್ದೆನೋ ಅದು ಅವಳ ಹೆದರಿಕೆಯಾಗಿತ್ತು. ಮಗಳಾದವಳು ಮಲಗಿಯೇ ಇರಬಹುದು, ಸಾಕುಮಗಳು ಮಾತ್ರ ದಿನಾ ಎದ್ದು ತನ್ನ ಜಾಗ ಗಳಿಸಬೇಕು. ಯಾವ ಮೇಷ್ಟ್ರೂ ಇದನ್ನು ಬರೆಸಿರಲಿಲ್ಲ.

ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ, ಬಾಣಂತಿ ಖಾರದುಂಡಿ ತಿನ್ನಾಕ ಏಳವ್ವ ಎಂದು ಆಕೆಯನ್ನು ಕೂಗಿದಳು. ಆಕೆ ಏಳಲಿಲ್ಲ. ಇನ್ನೊಮ್ಮೆ ಕೂಗಿದಾಗ, ಆ ಕಹಿ ಉಂಡೆ ನಾ ಒಲ್ಲೆ ಎಂದು ಮಲಗಿದಲ್ಲಿಂದಲೇ ಒದರಿದಳು. ಅವ್ವ ತಾಟು ಹಿಡಿದುಕೊಂಡೇ ಬಂದು, ಸೊಕ್ಕು ಬಂದೈತಿ ನಿನಗ, ಎರಡು ಏಟು ಬಿಟ್ಟರ ಸರಿಯಾಗ್ತಿ ಎಂದು ಬೈಯತೊಡಗಿದಳು. ಆ ಬೈಗುಳ ಒಂದೊಂದೂ ನನ್ನದು. ಬೇರೆ ಯಾರಿಗೂ ಅವ್ವ ಹಾಗೆ ಬೈದದ್ದು ನಾನು ಕೇಳಿರಲಿಲ್ಲ. ಆಕೆ ಕೂಸನ್ನು ತಬ್ಬಿಕೊಂಡು ನಗುತ್ತಿದ್ದಳು. ನಾನೂ ನಕ್ಕೆ. ಆದರೆ ಆ ಬೈಗುಳವನ್ನಾದರೂ ನನಗೊಬ್ಬಳಿಗೇ ಬಿಟ್ಟಿದ್ದರೆ ಆಗುತ್ತಿತ್ತು ಅನ್ನಿಸದೆ ಇರಲಿಲ್ಲ.